ಹಾಲಸಿದ್ದಪ್ಪನ ಗಾಡಿಗೆ ಎರಡು ಇಂಚು

ಕಡಿಮೆ ಕೇಳುವವರನ್ನು ಕಂಡರೇ ಹಾಲಸಿದ್ದಪ್ಪನಿಗೆ ಅನುಮಾನ. ಹೆಚ್ಚು ಕೇಳುವವನ ಆಸೆ ಕಣ್ಣಿಗೆ ಕಾಣುತ್ತದೆ. ಕಡಿಮೆ ಕೇಳುವವನು ಉಳಿದದ್ದನ್ನು ಎಲ್ಲಿಂದ ಕೀಳುತ್ತಾನೋ ಯಾರು ಬಲ್ಲರು? ಲೋಕಾಪುರದ ಮೆಕ್ಯಾನಿಕ್ ಪರಮಾನಂದ ಅವನ ಹಳೆಯ ಪಿಕಪ್ ನೋಡಿ, "ಎರಡ ಇಂಚ ಏರಿಸಿದ್ರ ಸಾಕ್ರಿ" ಎಂದಾಗ ಅವನು ಹುಬ್ಬು ಗಂಟಿಕ್ಕಿದ್ದು ಅದಕ್ಕೇ.

ಗಾಡಿ ಏರಿಸದೆ ಗತಿಯಿರಲಿಲ್ಲ. ಬೀಳಗಿ ಕಡೆಯ ಹಿನ್ನೀರಿನ ದಂಡೆಯಲ್ಲಿ ಅವನ ಹೆಂಡತಿ ತಂಗೆವ್ವ ಕುರಿ ಹಿಂಡಿನೊಂದಿಗೆ ಬೀಡುಬಿಟ್ಟಿದ್ದಳು. ಮಳೆಗಾಲದಲ್ಲಿ ನೀರು ಏರುವ ಮೊದಲು ಮರಿಗಳನ್ನು ಮೇಲಕ್ಕೆ ಸಾಗಿಸಬೇಕು. ಕಬ್ಬಿನ ಟ್ರ್ಯಾಕ್ಟರುಗಳು ಆ ದಾರಿಯನ್ನು ಎರಡೂ ಕಡೆ ಕೊರೆದು ನಡುವೆ ಮಣ್ಣಿನ ದಿಂಡು ಎಬ್ಬಿಸಿದ್ದವು. ಹಿಂದಿನ ವರ್ಷ, ಎರಡು ಸಾವಿರದ ಎಂಟರಲ್ಲಿ, ಗಾಡಿಯ ಹೊಟ್ಟೆ ಆ ದಿಂಡಿನ ಮೇಲೆ ಕೂತು, ಮರಿಗಳು ಮಳೆಯಲ್ಲಿ ನಡೆದು, ಒಂಬತ್ತು ಸತ್ತಿದ್ದವು. ಈ ವರ್ಷ ಮೂವತ್ತೊಂದು ಮರಿಗಳು. "ಈ ಸಲಾನೂ ಕುಂತ್ರ ಮರಿ ತರಾಕ ನಾ ಬ್ಯಾರೆ ಗಾಡಿ ಮಾಡ್ತೇನಿ" ಎಂದು ತಂಗೆವ್ವ ಖಡಕ್ಕಾಗಿ ಹೇಳಿದ್ದಳು.

ಮುಧೋಳದವನೊಬ್ಬ ದೊಡ್ಡ ಟಾಯರು ಹಾಕಿಸು ಎಂದ. ತಿರುವಿನಲ್ಲಿ ಅದು ಮಡ್‌ಗಾರ್ಡಿಗೆ ಉಜ್ಜುವುದನ್ನು ಮಾತ್ರ ನುಂಗಿಕೊಂಡ. ಬನಹಟ್ಟಿಯ ವೆಲ್ಡಿಂಗ್‌ನವನು ಅಚ್ಚಿನ ಮೇಲೆ ಕಬ್ಬಿಣದ ತುಂಡು ಕೂರಿಸಿ ಒಂದೇ ತಾಸಿನಲ್ಲಿ ನಾಲ್ಕು ಇಂಚು ಏರಿಸುತ್ತೇನೆ ಎಂದ. ಪರಮಾನಂದನೊಬ್ಬನೇ ಗಾಡಿಯ ಕೆಳಗೆ ನುಸುಳಿ ನೋಡಿದವನು. ಹಿಂದಿನ ಗಾಲಿಗಳ ಮೇಲೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳಿಗೆ ಅಲ್ಲಿ ಪಾಟಾ ಎನ್ನುತ್ತಾರೆ. ಅವನು ಅವನ್ನೇ ತೋರಿಸಿದ.

"ಭಾರ ಹೊತ್ತು ಹೊತ್ತು ಪಾಟಾ ನೆಟ್ಟಗಾಗ್ಯಾವ್ರಿ. ಬಡದು ಮತ್ತ ಬಾಗಸ್ತೇನಿ, ಮ್ಯಾಲೊಂದ ಪಾಟಾ ಕೂಡಸ್ತೇನಿ. ನಾಕ ಇಂಚ ಏರಿಸಿದ್ರ ಮರಿ ತುಂಬಿದಾಗ ಗಾಡಿ ವಾಲತೈತಿ. ಎರಡ ದಿನಾ ಬಿಡ್ರಿ."

ಒಂದು ತಾಸಿನ ಕೆಲಸಕ್ಕೆ ಎರಡು ದಿನ! ತನ್ನ ಗಾಡಿಯದು ಹಳೆಯ ಕಾಲದ ಗಟ್ಟಿ ಉಕ್ಕು. ಪರಮಾನಂದ ಅದನ್ನು ಎತ್ತಿಟ್ಟುಕೊಂಡು ಯಾವುದೋ ಸತ್ತ ಗಾಡಿಯದನ್ನು ಹಾಕಿ ಕಳಿಸುತ್ತಾನೆ ಎಂದು ಹಾಲಸಿದ್ದಪ್ಪ ಲೆಕ್ಕ ಹಾಕಿದ. ಬೇರೆ ದಾರಿ ಕಾಣದೆ ಒಪ್ಪಿಕೊಂಡ. ಆದರೆ ಪರಮಾನಂದ ಪಾಟಾ ಬಿಚ್ಚಿ ಚಹಾಕ್ಕೆ ಹೋದಾಗ, ಕುರಿಗೆ ಗುರುತು ಹಾಕುವ ಹುರಮಂಜಿನ ಕೆಂಪನ್ನು ಜೇಬಿನಿಂದ ತೆಗೆದು ಪ್ರತಿ ಪಾಟಾದ ಮೇಲೂ ತನ್ನ ಮನೆತನದ ಎರಡು ಗೆರೆ ಎಳೆದ. ದೊಡ್ಡ ಪಾಟಾದ ತುದಿ ಪಿನ್ನು ಹೋಗಲೆಂದು ಕಿವಿಯ ಹಾಗೆ ಸುತ್ತಿಕೊಂಡಿತ್ತು. ಕುರಿ ಕಾದ ಕೈ, ಕಿವಿ ಕಂಡರೆ ಬಿಟ್ಟೀತೇ? ಅಲ್ಲೂ ತೀಡಿದ.

ಮೂರನೆಯ ದಿನ ಗಾಡಿ ಎದೆ ಸೆಟೆಸಿ ನಿಂತಿತ್ತು. ಹಾಲಸಿದ್ದಪ್ಪ ಅದರ ಎತ್ತರ ನೋಡಲೇ ಇಲ್ಲ. ಬಗ್ಗಿ ಕೆಂಪು ಹುಡುಕಿದ. ಒಂದು ಗೆರೆಯೂ ಇಲ್ಲ.

"ನನ್ನ ಪಾಟಾ ಎಲ್ಲಿ ಮಾರಿದಿ ಲೇ?" ಎಂದು ಅಂಗಡಿಯ ಮುಂದೆ ಜನ ಸೇರುವಂತೆ ಕೂಗಿದ.

"ಚಿಮಣಿ ಎಣ್ಣಿಲೆ ತೊಳದೇನ್ರಿ, ಬಣ್ಣ ಎಲ್ಲಿ ಉಳೀತೈತಿ?" ಎಂದ ಪರಮಾನಂದ.

"ಹಂಗಾರ ಬೀರಪ್ಪನ ಭಂಡಾರ ಹಿಡಿ."

ಪರಮಾನಂದನ ಮುಖ ಸಣ್ಣದಾಯಿತು. ಆದರೂ ಕೈ ತೊಳೆದು ಬಂದು, ಹಾಲಸಿದ್ದಪ್ಪ ನೀಡಿದ ಭಂಡಾರವನ್ನು, ಕುಲದೇವರ ಅರಿಶಿನದ ಪುಡಿಯನ್ನು, ಹಣೆಗೆ ಹಚ್ಚಿಕೊಂಡು, ಪಾಟಾ ನಿಮ್ಮವೇ, ಕೆಲಸ ನೆಟ್ಟಗೈತಿ ಎಂದು ಆಣೆ ಮಾಡಿದ. ಭಂಡಾರ ಹಿಡಿದ ಮೇಲೆ ಮಾತು ಮುಗಿಯಿತು. ಹಾಲುಮತದ ಕುರುಬರಲ್ಲಿ ಅದನ್ನು ಮತ್ತೆ ಎತ್ತುವವರಿಲ್ಲ.

ಹಾಲಸಿದ್ದಪ್ಪ ಬಾಯಲ್ಲಿ ಎತ್ತಲಿಲ್ಲ, ಅಷ್ಟೇ. ಮರುದಿನ ಮುಂಜಾನೆ ಮನೆಯ ಹಿತ್ತಲಲ್ಲಿ ಜಾಕು ಕೊಟ್ಟು ಹಿಂದಿನ ಎಡ ಗಾಲಿಯ ಪಾಟಾದ ಪಿನ್ನು ಬಿಚ್ಚಿದ. ಪಾಟಾದ ಕಿವಿಯ ಸಂದಿಯಲ್ಲಿ, ಸೀಮೆಎಣ್ಣೆ ತಲುಪದ ಕಡೆ, ಕೂದಲೆಳೆಯಷ್ಟು ಕೆಂಪು ಉಳಿದಿತ್ತು. ತನ್ನದೇ ಹುರಮಂಜು. ನಾಚಿಕೆಯಾಯಿತು. ಯಾರಾದರೂ ಕಂಡಾರೆಂದು ಗಡಿಬಿಡಿಯಲ್ಲಿ ಪಿನ್ನು ತುರುಕಿ, ನಟ್ಟು ಅರ್ಧಂಬರ್ಧ ತಿರುವಿ, ಎದ್ದುಬಿಟ್ಟ.

ಎರಡೇ ದಿನಕ್ಕೆ ಮಳೆ ಹಿಡಿಯಿತು. ತಂಗೆವ್ವ ಮೂವತ್ತೊಂದು ಮರಿಗಳೊಂದಿಗೆ ಹಿಂದೆ ಕೂತಳು. ದಿಂಡಿನ ಮೇಲೆ ಗಾಡಿ ಸಲೀಸಾಗಿ ದಾಟಿತು, ಹೊಟ್ಟೆಗೆ ಮಣ್ಣೂ ತಾಗಲಿಲ್ಲ. ಹಾಲಸಿದ್ದಪ್ಪ ಇನ್ನೇನು ನಗಬೇಕು, ಹಿಂದೆ ಧಡ್ ಎಂದಿತು. ಎಡಗಡೆ ಕುಸಿದು ಗಾಡಿ ವಾಲಿ ನಿಂತಿತು. ಎರಡು ಮರಿಗಳು ಹಲಗೆಗೆ ಬಡಿದು ಅಲ್ಲೇ ಸತ್ತವು. ತಂಗೆವ್ವನ ಮೊಣಕೈ ಒಡೆದು ರಕ್ತ ಬಂತು.

ಫೋನು ಮಾಡಿದ್ದಕ್ಕೆ ಪರಮಾನಂದ ಮಳೆಯಲ್ಲೇ ಮೋಟರ್‌ಸೈಕಲ್ ಮೇಲೆ ಬಂದ. ಅಷ್ಟರಲ್ಲಿ ಸುತ್ತಲ ಬೀಡಿನ ಕುರುಬರೆಲ್ಲ ನೆರೆದಿದ್ದರು.

"ಭಂಡಾರ ಹಿಡದು ಸುಳ್ಳ ಆಣಿ ಮಾಡಿದೆಲ್ಲೋ ತಮ್ಮಾ!" ತಂಗೆವ್ವ ಸತ್ತ ಮರಿಯನ್ನು ಅವನ ಮುಂದೆ ಹಿಡಿದಳು.

"ಇವನ ಅಂಗಡಿಗಿ ಇನ್ನ ನಮ್ಮವರ ಒಂದ ಗಾಡೀನೂ ಹೋಗಬಾರದು" ಎಂದ ಹಿರಿಯ ಮುದಕಪ್ಪ. ಸುತ್ತಲಿನವರು ತಲೆಯಾಡಿಸಿದರು.

ಪರಮಾನಂದ ಗಾಡಿಯ ಕೆಳಗೆ ಹೋಗಿ ಬಂದ. ಕೆಸರಿನಲ್ಲಿ ಬಿದ್ದಿದ್ದ ಪಿನ್ನು ಹುಡುಕಿ, ಒರೆಸಿ, ತಿರುಗಿಸಿ ನೋಡಿದ. ಆಮೇಲೆ ಹಾಲಸಿದ್ದಪ್ಪನ ಮುಖ ನೋಡಿದ. ಏನೂ ಹೇಳದೆ ಮತ್ತೆ ಕೆಳಗೆ ನುಸುಳಿದ.

ಅವನು ಒಂದು ಮಾತು ಬೈದಿದ್ದರೆ ಹಾಲಸಿದ್ದಪ್ಪ ಜಗಳಕ್ಕೆ ಬಿದ್ದು ತಪ್ಪಿಸಿಕೊಳ್ಳುತ್ತಿದ್ದ. ಆ ಸುಮ್ಮನಿರುವಿಕೆ ಮಾತ್ರ ತಡೆಯಲಾಗಲಿಲ್ಲ.

"ಅವಗ ಅನಬ್ಯಾಡ. ಪಿನ್ ಬಿಚ್ಚಿದವ ನಾ."

ತಂಗೆವ್ವ ತಿರುಗಿದಳು. "ಯಾವಾಗ?"

"ಅವ ಆಣಿ ಮಾಡಿದ ಮರದಿನ. ನನಗ ನಂಬಿಕಿ ಬರಲಿಲ್ಲ."

ಗಾಡಿಯ ಕೆಳಗಿನಿಂದ ಪರಮಾನಂದನ ದನಿ ಬಂತು: "ನಾ ಬಿಗಿದ ನಟ್ಟು ಹಂಗ ಕಳಚಂಗಿಲ್ರಿ, ನನಗ ನೋಡಿದ ಕೂಡ್ಲೇ ಗೊತ್ತಾಗಿತ್ತು. ನೀವು ಹೇಳ್ತೀರೋ ಇಲ್ಲೋ ಅಂತ ಕಾಯಾಕತ್ತಿದ್ನಿ."

ಅರ್ಧ ತಾಸಿನಲ್ಲಿ ಪಿನ್ನು ಕೂತಿತು. ಪರಮಾನಂದ ಎದ್ದು, ನಟ್ಟು ಬಿಗಿದ ಪಾನಾವನ್ನು ಹಾಲಸಿದ್ದಪ್ಪನ ಕಡೆ ಚಾಚಿದ.

"ಒಮ್ಮಿ ನೀವೂ ಬಿಚ್ಚಿ ನೋಡಿಬಿಡ್ರಿ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಹಾಲಸಿದ್ದಪ್ಪ ಎಲ್ಲರೆದುರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.