ಮರ್ಕಂಜದ ಮನೆಯ ನೀಲ

ಡಬ್ಬಿಯ ಮುಚ್ಚಳ ತೆಗೆದ ಪ್ರೇಮಾವತಿ ಬೆಚ್ಚಿ ಅದನ್ನು ಕೈಯಳತೆ ದೂರಕ್ಕೆ ಹಿಡಿದಳು. ಅತಿಥಿಗೆ ನೀರು ಬೆಲ್ಲ ತರುತ್ತಿದ್ದ ಮಗಳು ಭವಿತಾ ಅಮ್ಮನ ಮುಖ ನೋಡಿ, ಡಬ್ಬಿಯೊಳಗೆ ಹಾವಿನ ಮರಿಯೇನಾದರೂ ಇದೆಯೇನೋ ಎಂದು ಬಾಗಿಲಲ್ಲೇ ನಿಂತುಬಿಟ್ಟಳು.

ಹಾವಿರಲಿಲ್ಲ. ಹತ್ತಿಯ ಮೇಲೆ ಮನೆಯ ಪದಕವಿತ್ತು. ಹೊಸದಾಗಿ ಕಟ್ಟಿದ ಬಂಗಾರ ಫಳಫಳಿಸುತ್ತಿತ್ತು. ಆದರೆ ನಡುವಿನ ದಪ್ಪ ಹರಳು ನೀಲಿಯಾಗಿರಲಿಲ್ಲ. ಹಾಲು ಹಾಕದ ತೆಳು ಚಹಾದ ಬಣ್ಣಕ್ಕೆ ಬಂದಿತ್ತು.

"ಇದೆಂತದು ಆಚಾರ್ರೆ?"

ಸುಳ್ಯ ಪೇಟೆಯ ಚಿನ್ನದ ಕೆಲಸದ ಪುರಂದರ ಆಚಾರ್ರು ಜಗಲಿಯ ನೆಲ ನೋಡುತ್ತಿದ್ದರು. "ಕಲ್ಲು ಅದೇ ಪ್ರೇಮಕ್ಕ. ನಾನು ಬದಲಿಸಿಲ್ಲ."

"ಮತ್ತೆ ನೀಲಿ ಎಲ್ಲಿಗೆ ಹೋಯ್ತು? ಗುಡ್ಡೆಗೆ ಮೇಯ್ಲಿಕ್ಕೆ ಹೋಯ್ತಾ?"

ಎಷ್ಟು ಕೇಳಿದರೂ ಆಚಾರ್ರದ್ದು ಅದೊಂದೇ ಮಾತು, ಕಲ್ಲು ಅದೇ. ಕಳ್ಳನಲ್ಲದವನು ಹೀಗೆ ನೆಲ ನೋಡುತ್ತಾನೆಯೇ ಎಂದು ಪ್ರೇಮಾವತಿ ಅಲ್ಲೇ ತೀರ್ಮಾನ ಮಾಡಿಬಿಟ್ಟಳು.

ಆ ಹರಳನ್ನು ಮುತ್ತಜ್ಜಿ ಹುಡುಗಿಯಾಗಿದ್ದಾಗ ಘಟ್ಟದ ಬುಡದ ಹೊಳೆಯಲ್ಲಿ ಬಟ್ಟೆ ಒಗೆಯುವಾಗ ಹೆಕ್ಕಿದ್ದಂತೆ. ಯಾರೋ ಅದನ್ನು ಎಲ್ಲ ಬದಿಯೂ ಚೌಕವಾಗುವಂತೆ ಉಜ್ಜಿ ಪದಕಕ್ಕೆ ಕೂರಿಸಿಕೊಟ್ಟರು. ಅಂದಿನಿಂದ ಆ ಮನೆಗೆ ಬರುವ ಸೊಸೆ ಹೊಸ್ತಿಲು ದಾಟುವ ಮೊದಲು ಅತ್ತೆಯಾದವಳು ಅದನ್ನು ಅವಳ ಕೊರಳಿಗೆ ಹಾಕಬೇಕು. ಈಗ ಮಗ ಉಲ್ಲಾಸನಿಗೆ ರಾಮಕುಂಜದ ನವ್ಯಾಳನ್ನು ನಿಶ್ಚಯ ಮಾಡಿ ಆಗಿತ್ತು. ನಿಶ್ಚಿತಾರ್ಥದ ದಿನ ಊಟದ ಪಂಕ್ತಿಯಲ್ಲಿ ಇಡೀ ಬಂಧುಬಳಗಕ್ಕೆ ಕೇಳುವ ಹಾಗೆ, "ನಮ್ಮಲ್ಲಿ ಬೇರೆ ಎಂತ ಇಲ್ಲದಿದ್ರೂ ಒಂದು ನೀಲ ಉಂಟು" ಎಂದು ಪ್ರೇಮಾವತಿ ಹೇಳಿದ್ದಳು. ಹರಳು ಹಿಡಿಯುವ ಕೊಕ್ಕೆಗಳು ಸವೆದಿವೆಯೆಂದು ಪದಕವನ್ನು ಆಚಾರ್ರಿಗೆ ಕೊಟ್ಟದ್ದೂ ಅವಳೇ.

ಭವಿತಾಳಿಗೆ ಹರಳನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕೆನಿಸಿತು. ಮಂಗಳೂರಿನಲ್ಲಿ ಭೂವಿಜ್ಞಾನ ಓದಿ ಮುಗಿಸಿದವಳು. ಆದರೆ ಮನೆಗೆ ಯಾರಾದರೂ ಬಂದರೆ ಬಾಗಿಲ ಸಂದಿನಿಂದ ಅರ್ಧ ಮುಖ ತೋರಿಸುವ ಹುಡುಗಿ. ಅಮ್ಮನ ಗಲಾಟೆಯ ನಡುವೆ ಬಾಗಿಲು ದಾಟಿ ಮುಂದೆ ಬರಲಿಲ್ಲ. ಅಷ್ಟರಲ್ಲಿ ಅಮ್ಮ ಡಬ್ಬಿಯನ್ನು ಕಪಾಟಿಗೆ ಹಾಕಿ ಬೀಗ ಜಡಿದಾಗಿತ್ತು. "ಕಲ್ಲುರ್ಟಿ ತೀರ್ಮಾನ ಮಾಡುವವರೆಗೆ ಇದನ್ನು ಯಾರೂ ಮುಟ್ಟುಲಿಕ್ಕಿಲ್ಲ."

ಹೇಳಿದಂತೆ ಮಂಗಳವಾರ ಗುಡ್ಡೆಯ ಮೇಲಿನ ಕಲ್ಲುರ್ಟಿ ದೈವದ ಕಟ್ಟೆಗೆ ಹೋಗಿ, ತೆಂಗಿನಕಾಯಿ ಇಟ್ಟು, ಆಚಾರ್ರ ಹೆಸರು ಹಿಡಿದು ದೂರು ಹೇಳಿ ಬಂದಳು. ಇಂಥ ದೂರನ್ನು ಕೊಟ್ಟವರೇ ಹೋಗಿ, ಹೆಸರು ಹೇಳಿಸಿಕೊಂಡವರನ್ನು ಪಕ್ಕದಲ್ಲಿ ನಿಲ್ಲಿಸಿ, ಕಾರಣ ಬಾಯಿಬಿಟ್ಟು ಹೇಳಿ ಬಿಡಿಸಬೇಕು. ಅಲ್ಲಿಯವರೆಗೆ ಆ ಮನುಷ್ಯನ ಹೆಸರು ದೈವದ ಕೈಯಲ್ಲಿ, ಯಾವಾಗ ಅವನ ಮನೆಗೆ ಕೇಡು ಬರುತ್ತದೋ ಎಂಬ ಹೆದರಿಕೆ. ಸುದ್ದಿ ಬಸ್ಸಿಗಿಂತ ಮೊದಲೇ ಸುಳ್ಯಕ್ಕೆ ಮುಟ್ಟಿತು. ಬಳೆ ಸರ ಮಾಡಲು ಕೊಟ್ಟಿದ್ದವರೆಲ್ಲ ಒಬ್ಬೊಬ್ಬರಾಗಿ ಬಂದು, ಬೇರೆಯೇ ನೆಪ ಹೇಳಿ, ತಮ್ಮ ಬಂಗಾರ ತೂಗಿಸಿ ವಾಪಸು ಒಯ್ದರು.

ಸಂಕ್ರಮಣದ ದಿನ ಬೆಳಗ್ಗೆ ಆಚಾರ್ರು ಮತ್ತೆ ಬಂದರು. ಎಷ್ಟು ಬಡಕಲಾಗಿದ್ದರೆಂದರೆ ಭವಿತಾಳ ಅಪ್ಪ ದೇರಣ್ಣ ಗೌಡರಿಗೆ ಒಂದು ಕ್ಷಣ ಗುರುತೇ ಸಿಗಲಿಲ್ಲ. ಕೂರಿ ಎಂದರೂ ಕೂರಲಿಲ್ಲ. ಕಂಕುಳಲ್ಲಿದ್ದ ಬಟ್ಟೆಯ ಗಂಟನ್ನು ಜಗಲಿಯ ಮೇಲಿಟ್ಟು ಬಿಚ್ಚಿದರು. ಊದುಕೊಳವೆ, ಚಿಮಟ, ಪುಟ್ಟ ಸುತ್ತಿಗೆ.

"ಗೌಡ್ರೆ, ಹಾಳು ಮಾಡಿದ್ದು ನಾನೇ. ಕದ್ದದ್ದಲ್ಲ, ಸುಟ್ಟದ್ದು."

ಒಳಗಿದ್ದ ಪ್ರೇಮಾವತಿಯೂ ಉಲ್ಲಾಸನೂ ಜಗಲಿಗೆ ಬಂದರು, ಭವಿತಾ ಬಾಗಿಲ ಸಂದಿನಲ್ಲಿ ನಿಂತಳು.

"ಹರಳಿನ ಮೇಲಿನ ಬದಿಯಲ್ಲಿ ಒಂದು ಚಕ್ಕೆ ಎದ್ದಿತ್ತು. ಮದುಮಗಳ ಕುತ್ತಿಗೆಗೆ ಅಲ್ವಾ, ಚಂದ ಕಾಣ್ಲಿ ಅಂತ ರಾತ್ರಿಯ ದೀಪದಲ್ಲಿ ಅದನ್ನು ಮಗ್ಗುಲಾಗಿಸಿ, ನಯ ಇದ್ದ ಬದಿ ಮೇಲೆ ಮಾಡಿ ಕೂರಿಸಿದೆ. ಆಮೇಲೆ ಸರಕ್ಕೆ ಸಿಕ್ಕಿಸುವ ಕೊಂಡಿ ಬಿಟ್ಟುಕೊಂಡಿತು. ಹರಳು ತೆಗೆಯುವ ಉದಾಸೀನಕ್ಕೆ ಹಾಗೆಯೇ ಬೆಂಕಿ ಊದಿ ಬೆಸೆದೆ. ಶಾಖ ತಾಗಿತು. ಬೆಳಗ್ಗೆ ಬೆಳಕಿಗೆ ಹಿಡಿದು ನೋಡಿದ್ರೆ ಬಣ್ಣ ಇಲ್ಲ." ಆಚಾರ್ರು ಊದುಕೊಳವೆಯನ್ನು ಗೌಡರ ಕಡೆಗೆ ಸರಿಸಿದರು. "ಹೇಳ್ಲಿಕ್ಕೆ ಧೈರ್ಯ ಬರ್ಲಿಲ್ಲ. ಈಗ ಅಂಗಡಿ ಮುಚ್ಚಿದ್ದೇನೆ. ಇನ್ನು ಬಂಗಾರ ಮುಟ್ಟುದಿಲ್ಲ. ಸಾಮಾನೆಲ್ಲ ಇಲ್ಲೇ ಇರ್ಲಿ, ದೂರು ಒಂದು ಬಿಡಿಸಿ ಕೊಡಿ. ಮನೆಯಲ್ಲಿ ಮಕ್ಕಳು ಬೆಕ್ಕು ಹಾರಿದ್ರೂ ಹೆದರ್ತಾರೆ."

"ಮಗ್ಗುಲಾಗಿಸಿದ್ದಾ?"

ಕೇಳಿದ್ದು ಭವಿತಾ. ಗೋಡೆಯೇ ಮಾತಾಡಿತೋ ಎಂಬಂತೆ ಎಲ್ಲರೂ ತಿರುಗಿದರು. ಅವಳು ಬಾಗಿಲಿನಿಂದ ಹೊರಗೆ ಬಂದು ಕೈ ಚಾಚಿದಳು. "ಅಮ್ಮ, ಕೀಲಿಕೈ ಕೊಡಿ."

"ಮುಟ್ಟುಲಿಕ್ಕಿಲ್ಲ ಹೇಳಿದ್ದೆ ನಾನು."

"ಕೊಡು ಅವಳಿಗೆ," ಎಂದರು ದೇರಣ್ಣ. "ವರ್ಷಕ್ಕೊಂದು ಸಲ ಬಾಯಿ ಬಿಡ್ತಾಳೆ. ಕೊಡು."

ಭವಿತಾ ಪದಕವನ್ನು ಅಂಗಳಕ್ಕೆ ಒಯ್ದು ಬಿಸಿಲಿಗೆ ಹಿಡಿದಳು. ಎದುರಿನಿಂದ ಅದೇ ತೆಳು ಚಹಾ. ಮೆಲ್ಲಗೆ ಅದರ ಅಂಚು ತನ್ನ ಕಡೆಗೆ ಬರುವಂತೆ ತಿರುಗಿಸಿ, ಕೊಕ್ಕೆಗಳ ಸಂದಿನಿಂದ ಒಳಗೆ ಕಣ್ಣಿಟ್ಟಳು. ಹೀಗಾಗಬಹುದೆಂದು ಎಣಿಸಿಯೇ ತಿರುಗಿಸಿದ್ದು. ಆದರೂ ಕಣ್ಣು ಅಲ್ಲಿಂದ ಕೀಳಲಾಗಲಿಲ್ಲ. ನೇರಳೆ ಬೆರೆತ ನೀಲಿ, ಕಡು ನೀಲಿ, ಅಜ್ಜಿಯ ಮದುವೆಯಲ್ಲೂ ಅಮ್ಮನ ಮದುವೆಯಲ್ಲೂ ಜನ ಬಾಯಿಬಿಟ್ಟು ನೋಡಿದ ಅದೇ ನೀಲಿ, ಒಂದು ಚೂರೂ ಕಡಿಮೆಯಾಗದೆ ಒಳಗೇ ಕೂತಿತ್ತು.

"ಅಮ್ಮಾ!"

ಅಮ್ಮ ನೋಡಿದಳು. ಕಣ್ಣುಜ್ಜಿ ಮತ್ತೆ ನೋಡಿದಳು. ಅಪ್ಪ ನೋಡಿದರು. ಉಲ್ಲಾಸ ಅತ್ತಿಂದ ಇತ್ತಿಂದ ತಿರುಗಿಸಿ, "ಈಗ ಉಂಟು, ಈಗ ಇಲ್ಲ! ಎಂತ ಕಣ್ಕಟ್ಟು ಮಾರಾಯ್ತಿ ಇದು?" ಎಂದು ನಕ್ಕುಬಿಟ್ಟ. ಆಚಾರ್ರು ಮಾತ್ರ ಹರಳಿನೊಳಗೆ ಇಣುಕಿದ ಮರುಕ್ಷಣ ಅಂಗಳದ ಮಣ್ಣಿನಲ್ಲೇ ಕೂತರು. "ನಾನು ಸುಟ್ಟದ್ದಲ್ವಾ?"

"ಅಲ್ಲ ಆಚಾರ್ರೆ. ಈ ಕಲ್ಲು ಇರುದೇ ಹಾಗೆ. ಒಂದು ಕಡೆಯಿಂದ ನೀಲಿ, ಇನ್ನೊಂದು ಕಡೆಯಿಂದ ಹಳದಿ. ಇದಕ್ಕೆ ಕಾರ್ಡಿಯರೈಟ್ ಅಂತ ಹೇಳುದು." ಭವಿತಾಳ ಮಾತು ತಡೆ ಒಡೆದ ತೋಡಿನಂತೆ ನುಗ್ಗಿತು. "ಸಿಲಿಕೇಟ್ ಜಾತಿಯ ಖನಿಜ. ಒಂದು ಕಾಲದ ಕೆಸರು, ಜೇಡಿಮಣ್ಣು ಭೂಮಿಯ ಆಳದಲ್ಲಿ ಬೆಂದು ಆಗುದು. ಕಣ ಕಣವಾಗಿ ಬಂಡೆಯ ಒಳಗೆ ಇರ್ತದೆ. ಆದ್ರೆ ಇಷ್ಟು ದೊಡ್ಡದು, ಇಷ್ಟು ತಿಳಿಯಾಗಿ ಸಿಗುದು ಭಾರೀ ಅಪರೂಪ. ಹೆಚ್ಚಿನದ್ದು ನೆಲದ ನೀರು ತಾಗಿ ಹಸಿರು ಹಸಿರು ಪುಡಿಯಾಗಿ ಹೋಗ್ತದೆ. ನಿಮ್ಮ ಊದುಬೆಂಕಿಗೆ ಒಡೆದ್ರೆ ಒಡೆದೀತು, ಬಣ್ಣ ಹೋಗುದಿಲ್ಲ. ನಾವು ಪ್ರಾಕ್ಟಿಕಲಿನಲ್ಲಿ..."

"ಹಾಗಾದ್ರೆ ನೀಲ ಅಲ್ವಾ ಇದು?"

ಅಮ್ಮನ ಪ್ರಶ್ನೆಗೆ ಭವಿತಾ ಪದಕವನ್ನು ವಾಪಸು ಕೈಗೆ ತೆಗೆದುಕೊಂಡಳು. ತನ್ನ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಅವಳು ಯೋಚಿಸಿಯೇ ಇರಲಿಲ್ಲ. ಇದೂ ಒಂದು ಬಗೆಯ ನೀಲವೇ ಅಂದರೆ ಅಮ್ಮನಿಗೆ ಸಮಾಧಾನವಾದೀತು. ಆದರೆ ನೀಲವನ್ನು ಹೇಗೆ ತಿರುಗಿಸಿದರೂ ಅದು ಚಹಾದ ಬಣ್ಣಕ್ಕೆ ಬರುವುದಿಲ್ಲ. ಇದು ನೀಲವೆಂದಾದರೆ ಆಚಾರ್ರು ಕಳ್ಳರೇ.

"ಅಲ್ಲ ಅಮ್ಮ. ನೀಲ ಇದಕ್ಕಿಂತ ಎಷ್ಟೋ ಗಟ್ಟಿ. ಅದು ಬೇರೆ, ಇದು ಬೇರೆ."

ಕೆನ್ನೆಗೆ ಹೊಡೆಸಿಕೊಂಡವಳ ಹಾಗೆ ಪ್ರೇಮಾವತಿ ನಿಂತಳು. ಉಲ್ಲಾಸ ವಾತಾವರಣ ಹಗುರ ಮಾಡಲು, "ನವ್ಯಾಳ ಮನೆಯವರ ಎದುರು ಎಂತ ಮಾಡುದು ಈಗ? ಹುಡುಗಿಯನ್ನು ಓರೆಯಾಗಿ ನಿಲ್ಲಿಸುದಾ?" ಎಂದ.

"ದೂರು ಬಿಡಿಸುವ, ಆಚಾರ್ರೆ," ಎಂದಳು ಪ್ರೇಮಾವತಿ ಕೊನೆಗೆ. ಸ್ವರ ಕೆಳಗಿತ್ತು. "ನಾಳೆ ಹೋಗುವ. ಇವತ್ತು ಸಂಕ್ರಮಣ, ಕಟ್ಟೆಯಲ್ಲಿ ಊರಿಡೀ ಇರ್ತದೆ. ವಿಷಯ ಮುಗಿಯಿತು ಅಂತ ಮಾತ್ರ ಹೇಳಿದ್ರೆ ಸಾಕಲ್ಲ."

ಆಚಾರ್ರು ಮಣ್ಣಿನಿಂದ ಏಳಲಿಲ್ಲ. "ಮುಗಿಯಿತು ಅಂದ್ರೆ, ಕದ್ದ ಕಲ್ಲನ್ನು ಹೆದರಿ ತಂದುಕೊಟ್ಟ ಅಂತ ಜನ ಹೇಳ್ತಾರೆ ಪ್ರೇಮಕ್ಕ."

ಅಮ್ಮ ಸೀದಾ ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಇನ್ನು ಸಂಜೆವರೆಗೆ ಹೊರಗೆ ಬರುವುದಿಲ್ಲ ಎಂದು ಭವಿತಾಳಿಗೆ ಗೊತ್ತಿತ್ತು. ತಾನು ಬಾಯಿ ಬಿಡಬಾರದಿತ್ತೇ? ಕಾಲಬುಡದಲ್ಲಿ ಕೂತಿದ್ದ ಆ ಮನುಷ್ಯನನ್ನು ನೋಡಿದರೆ ಹಾಗೆ ಅನ್ನಿಸಲೂ ಇಲ್ಲ.

ಬಾಗಿಲು ತೆರೆಯಿತು. ಅಮ್ಮ ಸೀರೆ ಬದಲಿಸಿದ್ದಳು. ಕೈಯಲ್ಲಿ ತೆಂಗಿನಕಾಯಿ.

"ಏಳಿ ಆಚಾರ್ರೆ, ಜನ ಇರುವಾಗಲೇ ಹೋಗುವ. ಭವೀ, ನೀನೂ ಬಾ. ಆ ಕಲ್ಲಿನ ಹೆಸರು ನನ್ನ ಬಾಯಿಗೆ ಬರುದಿಲ್ಲ."

ಕಟ್ಟೆಯ ಸುತ್ತ ಕಾಲಿಡಲು ಜಾಗವಿರಲಿಲ್ಲ. ಆಚಾರ್ರನ್ನು ಕಂಡದ್ದೇ ಗುಜುಗುಜು ಎದ್ದಿತು. ಪ್ರೇಮಾವತಿ ಅವರನ್ನು ತನ್ನ ಬಲಕ್ಕೆ ನಿಲ್ಲಿಸಿಕೊಂಡು, ಎದುರು ದೈವವೊಂದೇ ಇದೆ ಎಂಬಂತೆ ಗಟ್ಟಿಯಾಗಿ ಹೇಳಿದಳು.

"ಅಮ್ಮಾ ಕಲ್ಲುರ್ಟಿ, ಕಲ್ಲು ಅದೇ. ಕೂರಿಸಿದ ಬದಿ ಬೇರೆ, ಅಷ್ಟೇ. ಇವರು ಕದ್ದದ್ದೂ ಇಲ್ಲ, ಕೆಡಿಸಿದ್ದೂ ಇಲ್ಲ. ನಾನು ಕೊಟ್ಟ ದೂರನ್ನು ನಾನೇ ಬಿಡಿಸಿದ್ದೇನೆ."

"ಬದಿ ಬದಲಾದ್ರೆ ನೀಲ ಹಳದಿ ಆಗ್ತದಾ?" ಹಿಂದಿನಿಂದ ಒಬ್ಬಳು ಕೇಳಿಯೇಬಿಟ್ಟಳು.

ಭವಿತಾ ಅಮ್ಮನ ಕೈ ಹಿಡಿದಳು.

"ನೀಲ ಅಲ್ಲ ಮಾರಾಯ್ತಿ," ಎಂದಳು ಪ್ರೇಮಾವತಿ, ಅವಳ ಕಡೆ ತಿರುಗಿ. "ನೀಲ ಅಂದದ್ದೂ ನಾನೇ, ಕಳ್ಳ ಅಂದದ್ದೂ ನಾನೇ. ಎರಡೂ ಸುಳ್ಳಾಯ್ತು. ಇದೇನು ಅಂತ ನನ್ನ ಮಗಳು ಹೇಳ್ತಾಳೆ, ಕೇಳಿ."

ಅಷ್ಟು ಮುಖಗಳು ಒಮ್ಮೆಲೇ ತನ್ನತ್ತ ತಿರುಗಿದಾಗ ಭವಿತಾ ಅಮ್ಮನ ಕೈ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. ಹೆಸರು ಹೇಳಿದಳು. ಪದಕವನ್ನು ಬಿಸಿಲಿಗೆ ಹಿಡಿದು, ಅಂಚಿನಿಂದ ನೋಡಿ ಎಂದಳು. ಆಮೇಲೆ ನೂಕುನುಗ್ಗಲು. ನೋಡಿದವರೆಲ್ಲ ಒಂದೊಂದು ಬಗೆಯಲ್ಲಿ ಕೂಗುತ್ತಿದ್ದರು. ಮುದುಕನೊಬ್ಬ ಕೈಯೆತ್ತಿ ದೈವಕ್ಕೇ ಮುಗಿದುಬಿಟ್ಟ.

ಆಚಾರ್ರು ಮತ್ತೆ ನೋಡಲು ಬರಲಿಲ್ಲ. ಕಟ್ಟೆಯ ಮೂಲೆಯಲ್ಲಿ ಹೆಗಲ ಬಟ್ಟೆಗೆ ಮುಖ ಒತ್ತಿ, ಹತ್ತಿರದವರಿಗೆ ಕೇಳುವಷ್ಟು ಬಿಕ್ಕುತ್ತಿದ್ದರು. ಆಗಲೇ ಪ್ರಶ್ನೆ ಕೇಳಿದ್ದ ಹೆಂಗಸು ಅವರ ಪಕ್ಕಕ್ಕೆ ಬಂದು, ಸೆರಗು ತಿರುಚುತ್ತ ನಿಂತಳು.

"ಆಚಾರ್ರೆ, ಮಗಳದ್ದೊಂದು ಬೆಂಡೋಲೆ ಮುರಿದದ್ದುಂಟು. ನಾಳೆ ತರ್ಲಾ?"

ಅವರು ಮುಖ ಎತ್ತಲಿಲ್ಲ. ಬಟ್ಟೆಯೊಳಗಿನಿಂದಲೇ ತಲೆ ಹೌದೆಂದು ಆಡಿತು.