ಊಟ ಆತೇನ್ರಿ ಅಕ್ಕ

ಬಸ್ಸಿನ ಕಿಟಕಿಯ ಗಾಜು ಗಡಗಡ ನಡುಗುತ್ತಿದೆ, ನಂದಿನಿ ಮೊಬೈಲನ್ನು ಮಡಿಲಲ್ಲಿ ಬೋರಲು ಹಾಕಿಕೊಂಡಿದ್ದಾಳೆ, ಲಿಂಗಸುಗೂರಿನ ಆಫೀಸು ಬಿಟ್ಟಾಗಿನಿಂದ ಎಷ್ಟು ಸಲ ನೋಡಿದರೂ ಅದೇ ಫೋಟೊ, ಅದೇ ಸ್ಕೂಟಿ, ಬೆಳಿಗ್ಗೆ ತಾನೇ ಮಸ್ಕಿ ಬಸ್ ಸ್ಟ್ಯಾಂಡಿನ ಗೋಡೆ ಪಕ್ಕ ನಿಲ್ಲಿಸಿ ಬಂದದ್ದು, ಕನ್ನಡಿಗೆ ತೂಗುಬಿಟ್ಟ ಹಸಿರು ಹೆಲ್ಮೆಟ್, ಕೆಳಗೆ ಬರಹ — ಊಟ ಆತೇನ್ರಿ ಅಕ್ಕ, ನನ್ನ ಮತ್ತ ಒಳಗ ತಗೋರಿ. ಕಳಿಸಿದವನ ಹೆಸರು ಹೊಸದು, ಆದರೆ ಅವನೇ, ಅವನಲ್ಲದೆ ಇನ್ನಾರು. ಯಾಕಾದರೂ ಬೇಕಿತ್ತು ಈ ಉಸಾಬರಿ, ನಳದ ನೀರು, ಬಸ್ಸು, ರಸ್ತೆ, ಜನ ಬಾಯಿಬಿಟ್ಟು ಮಾತಾಡಲಿ ಎಂದು ಫೇಸ್‌ಬುಕ್ಕಿನಲ್ಲಿ ಮಸ್ಕಿ ಮಾತುಕತೆ ಎಂಬ ಗುಂಪು ತೆರೆದಳು, ಯಾರು ಬೇಕಾದರೂ ಬರಬಹುದು, ಬಂದರು, ಇವನೂ ಬಂದ, ಸತ್ಯವಾದಿ ಅಂತ ಹೆಸರು, ಮುಖವಿರಬೇಕಾದಲ್ಲಿ ಹುಲಿಯ ಚಿತ್ರ, ನಳ ಬಂದಿಲ್ಲ ಎಂದು ಹೊಲಿಗೆ ಅಂಗಡಿಯ ಇಮಾಮ್‌ಬೀ ಬರೆದದ್ದಕ್ಕೆ ಇವನು ಕೊಟ್ಟ ಉತ್ತರ ಬಾಯಲ್ಲಿ ಆಡುವಂಥದ್ದಲ್ಲ. ತೆಗೆದುಹಾಕೋಣ ಎಂದರೆ ಗುಂಪನ್ನು ಜೊತೆಗೆ ನೋಡಿಕೊಳ್ಳುವ ಕಿರಾಣಿ ಅಂಗಡಿಯ ಸಂಗನಬಸವ, ಹಂಗ ಒಮ್ಮೆಲೆ ತೆಗಿಬ್ಯಾಡ್ರಿ ಅಕ್ಕಾರ, ನಮ್ಮೂರಾಂವನ ಅದಾನ, ಫೋನ್ ಹಚ್ಚಿ ಒಂದು ಮಾತು ಹೇಳ್ರಿ, ನಮ್ಮ ಕಡಿ ಪದ್ಧತಿ ಅದ. ಅದೇ ತಪ್ಪಾಯಿತು. ಎಮ್ಮೆ ಮಾರುವುದಿದೆ ಎಂದು ಅವನು ಹಿಂದೊಮ್ಮೆ ಹಾಕಿದ್ದ ನಂಬರಿಗೆ ತನ್ನದೇ ನಂಬರಿನಿಂದ ಹಚ್ಚಿದಳು, ಬೈಯುವ ಮೊದಲೂ ಕ್ಷೇಮ ಕೇಳಬೇಕೆಂದು ಅವ್ವ ಕಲಿಸಿದ್ದಳು, ಅಣ್ಣಾ ಊಟ ಆತೇನ್ರಿ, ಆ ಕಡೆಯಿಂದ ಮೆತ್ತಗಿನ ದನಿ, ಇನ್ನೂ ಇಲ್ಲ ಅಕ್ಕ, ನಿಮ್ದು ಆತೇನ್ರಿ. ಹೇಳಬೇಕಾದ್ದು ಹೇಳಿದಳು, ಮರುದಿನವೇ ಇಮಾಮ್‌ಬೀಗೆ ಮತ್ತೆ ಅದೇ ಹೊಲಸು. ನಿನ್ನೆ ಅವನನ್ನು ಗುಂಪಿನಿಂದ ತೆಗೆದುಹಾಕಿದಳು.

ಸಂತೆಕಲ್ಲೂರು, ಜನ ಹತ್ತಿದರು, ಪಕ್ಕದಲ್ಲಿ ಯಾರೋ ಕುಳಿತು ಮೊಬೈಲ್ ತೆಗೆದ, ಓರೆಗಣ್ಣಿನಿಂದ ನೋಡಿದಳು, ಅವನು ತೊಗರಿ ರೇಟು ಕೇಳುತ್ತಿದ್ದಾನೆ, ಇವನಲ್ಲ, ಯಾಕಲ್ಲ, ಮುಖ ಕಾಣದವನು ಯಾರಾದರೂ ಆಗಬಹುದು, ಕಂಡಕ್ಟರ್, ದಿನಾ ಚಹಾ ಕೊಡುವವನು, ಹೆದರಿಕೆಯಾಗುತ್ತಿದೆ, ಸುಳ್ಳೇಕೆ. ಒಳಗೆ ಬಿಟ್ಟುಕೊಂಡರೆ ಮುಗಿಯಿತಲ್ಲ, ಬೆರಳು ತಾಗಿಸಿದರೆ ಸಾಕು, ಸ್ಕೂಟಿಯ ಗೊಡವೆಗೆ ಬರಲಾರ, ಹಸಿರು ಹೆಲ್ಮೆಟ್ಟಿನ ಗೊಡವೆಗೆ ಬರಲಾರ — ಆದರೆ ಇಮಾಮ್‌ಬೀ, ಮೊನ್ನೆ ಬ್ಲೌಸ್ ಅಳತೆ ತೆಗೆಯುತ್ತ ಅಂದಿದ್ದಳು, ನೀ ಅದಿ ಅಂತ ಬರದೀನವ್ವ, ಇಲ್ಲಂದ್ರ ನನಗ್ಯಾಕ ಬೇಕಿತ್ತು. ನೀ ಅದಿ ಅಂತ. ಕಣ್ಣು ಮುಚ್ಚಿ ಒತ್ತಿದಳು, ಬ್ಲಾಕ್, ಈ ಹೆಸರೂ ಹೋಯಿತು.

ಮಸ್ಕಿ, ಇಳಿರಿ ಇಳಿರಿ, ಇಳಿದವಳೇ ಗೋಡೆಯ ಕಡೆ ನೋಡಿದಳು, ಸ್ಕೂಟಿ ಇದೆ, ಇಟ್ಟಲ್ಲೇ ಇದೆ, ಸುಮ್ಮನೆ ಹೆದರಿದೆ ಎಂದುಕೊಳ್ಳುತ್ತ ಹತ್ತಿರ ಬಂದಳು, ಕನ್ನಡಿ ಖಾಲಿ, ಹೆಲ್ಮೆಟ್ ಸೀಟಿನ ಮೇಲೆ, ಬುಟ್ಟಿಯ ಹಾಗೆ ಅಂಗಾತ, ಒಳಗೆ ಮಡಿಚಿಟ್ಟ ಜೋಳದ ರೊಟ್ಟಿ, ಯಾಕೆ ಮುಟ್ಟಿದಳೋ, ಬೆಚ್ಚಗಿದೆ, ಸುತ್ತ ಬಸ್ ಕಾಯುವ ಜನ, ಎಲ್ಲರ ಕೈಯಲ್ಲೂ ಮೊಬೈಲು, ಹಸಿರು ಹೆಲ್ಮೆಟ್ಟಿನೊಳಗೆ ರೊಟ್ಟಿ, ಇನ್ನೂ ಬೆಚ್ಚಗಿದೆ, ಹಸಿರು ಹೆಲ್ಮೆಟ್ಟಿನೊಳಗೆ