ಬದಲಾವಣೆಗೆ ಜೋಡಿ ಹುಡುಕುವ ಮೇಷ್ಟ್ರು

ತಮ್ಮ ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆ ಮೇಷ್ಟ್ರು, ಮನೆಪಾಠಕ್ಕೆ ಬಂದಿದ್ದ ನಾಲ್ಕಾರು ಮಂದಿಯ ಮುಂದೆ, ಹಜಾರದ ಕರಿಹಲಗೆಯ ಮೇಲೆ ಡೊಂಕು ಗೆರೆಯೊಂದನ್ನು ಎಳೆದು, ಇಂಗ್ಲಿಷಿನ ಪದಗಳಿಗೆ ಸಂಬಂಧ ಕುದುರಿಸುತ್ತಿದ್ದರು. ನಿವೃತ್ತಿಯಾದ ಮೇಲೆ ಅವರಿಗೆ ಉಳಿದಿದ್ದ ದಲ್ಲಾಳಿತನ ಅದೊಂದೇ.

"ಚೇಂಜ್ ಒಂಟಿಯಾಗಿ ತಿರುಗಬಾರದು. ಕಾನ್‌ಸ್ಟಂಟ್ ಚೇಂಜ್ ಅನ್ನಿ, ಗ್ರ್ಯಾಜುಯಲ್ ಚೇಂಜ್ ಅನ್ನಿ. ಗೆರೆ ಮೇಲೆ ಹೋದ್ರೆ ಸ್ಟೆಡಿ ರೈಸ್. ಇಳಿದ್ರೆ ಸ್ಲೋ ಡಿಕ್ಲೈನ್."

"ಏರೋದು ಇಳಿಯೋದು ಎರಡೂ ಇದ್ರೆ ಸಾರ್?" ಎಂದ ಶಿಷ್ಯರಲ್ಲೊಬ್ಬ, ಟ್ಯಾಕ್ಸಿಯವನು.

"ಅಪ್ಸ್ ಅಂಡ್ ಡೌನ್ಸ್."

"ಅಂದ್ರೆ ನನ್ನ ಸಂಸಾರ!"

ನಗು ನಿಲ್ಲುವ ಮೊದಲೇ ಫೋನು ಬಂತು. ಸೀಮೆಸುಣ್ಣದ ಕೈಯಲ್ಲೇ ಮೇಷ್ಟ್ರು ಸ್ಪೀಕರ್ ಒತ್ತಿದರು. ಬಡಗಿ ಕೆಲಸದ ತಮ್ಮನನ್ನು ಆಸ್ಪತ್ರೆಯಲ್ಲಿ ನೋಡಿಕೊಳ್ಳುತ್ತಿದ್ದ ಡಾಕ್ಟರು. "ಸಡನ್ ಚೇಂಜ್ ಆಯ್ತು ಸಾರ್. ವೆರಿ ಸಾರಿ."

ಮೇಷ್ಟ್ರ ಕಿವಿ ಮೊದಲರ್ಧಕ್ಕೇ ಹಿಗ್ಗಿಹೋಯಿತು. "ಕೇಳಿದ್ರಾ? ಎಂಥ ಸರಿಯಾದ ಜೋಡಿ!" ಎಂದು ಹಲಗೆಯ ಮೇಲೆ ಬರೆದೇಬಿಟ್ಟರು. ಹುಟ್ಟುಗುಣ ಸುಟ್ಟರೂ ಹೋಗದು. ಬರೆದು ತಿರುಗಿದರೆ, ಯಾರೊಬ್ಬರ ಪೆನ್ನೂ ಅಲುಗಲಿಲ್ಲ. ಎಲ್ಲರೂ ನೆಲ ನೋಡುತ್ತಿದ್ದರು. ಆಗ ಉಳಿದರ್ಧ ಕಿವಿಯಿಂದ ಎದೆಗೆ ಇಳಿಯಿತು. ತಮ್ಮನ ಸಾವಿಗೆ ಭೇಷ್ ಎಂದ ಪಂಡಿತ ಲೋಕದಲ್ಲಿ ತಾನೊಬ್ಬನೇ ಇರಬೇಕು ಎನ್ನಿಸಿತು.

ಇನ್ನು ಅಕ್ಕನಿಗೆ ಹೇಳಬೇಕು. ತಾಯಿ ಹೋದಮೇಲೆ, ಕೂಸಾಗಿದ್ದ ತಮ್ಮನನ್ನು ಎತ್ತಿ ಆಡಿಸಿ ಸಾಕಿದವಳು ಅವಳೇ. ಒಳಮನೆಯಲ್ಲಿ, ಆಸ್ಪತ್ರೆಗೆ ಒಯ್ಯಲೆಂದು ತಮ್ಮನ ಅಂಗಿ ಮಡಿಸುತ್ತಿದ್ದಳು. ಮೇಷ್ಟ್ರು ಬಾಗಿಲಲ್ಲೇ ನಿಂತರು.

"ಏನಂತೋ?"

"ಕಾಯಿಲೆ ಅಂದ್ಮೇಲೆ ಅಕ್ಕಾ, ಅಪ್ಸ್ ಅಂಡ್ ಡೌನ್ಸ್..."

"ಶುರುವಾಯ್ತಪ್ಪ! ಮೊನ್ನೆ ಸ್ಲೋ ಅಂದೆ, ನಿನ್ನೆ ಸ್ಟೆಡಿ ಅಂದೆ. ದಿನಕ್ಕೊಂದು ಜೋಡಿ ಕರ್ಕೊಂಡ್ ಬರ್ತೀಯ, ನಾನೇನು ಆರತಿ ಎತ್ತಲಾ? ಮಗು ಎದ್ದು ಬರ್ತಾನೋ ಇಲ್ವೋ, ಅದನ್ನ ಹೇಳು."

ಏರುವುದಕ್ಕೆ, ಇಳಿಯುವುದಕ್ಕೆ, ತೂಗಾಡುವುದಕ್ಕೆಲ್ಲ ಮಾತು ಕೂಡಿಟ್ಟಿದ್ದ ತಲೆ ಬರಿದಾಗಿತ್ತು. ಮೇಷ್ಟ್ರು ಅವಳ ಪಕ್ಕ ಕುಳಿತರು.

"ಬರಲ್ಲ ಅಕ್ಕ. ಹೋಗ್ಬಿಟ್ಟ."

ಅಕ್ಕ ಅಂಗಿಯನ್ನು ಮಡಿಲಿಗೆಳೆದುಕೊಂಡು, ಬಿಚ್ಚಿದ್ದ ಗುಂಡಿಗಳನ್ನು ಒಂದೊಂದಾಗಿ ಹಾಕಿದಳು. "ಅವನು ಕೂತು ಉಂಡಿದ್ದೇ ಕಾಣೆ ಕಣೋ. ಕೈಯಲ್ಲಿ ಉಳಿ, ಬಾಯಲ್ಲಿ ತುತ್ತು," ಎಂದಳು. ಆಮೇಲೆ ಅಳು ಬಂತು, ಇಬ್ಬರಿಗೂ.

ಅಳು ಇಳಿದ ಮೇಲೆ ಅಕ್ಕ ಕೈಮುಗಿದಳು. "ದೇವರಿಗೆ ನೀನೇ ಹೇಳು," ಎಂದಳು. ಮೇಷ್ಟ್ರು ಕಣ್ಣು ಮುಚ್ಚಿದರು.

"ಸ್ವಾಮೀ, ನಿಂತೇ ದುಡಿದ ಜೀವ ಅದು. ನಿನ್ನ ಪಾದದ ಬಳಿ ಕೊಂಚ ಜಾಗ ಮಾಡಿ ಕೂರಿಸಿಕೋ. ಅವನಿಗೆ ದಣಿವು ಆರಲಿ. ನಮ್ಮ ತಮ್ಮನಿಗೆ ಶಾಂತಿ ಕೊಡು, ತಂದೆ."